ಚಿಗವ್ವ ಅತ್ತಿ ಪಾತ್ರ ಮಾಡಿದ ದಿನ

ಶನಿವಾರ ರಾತ್ರಿ ಒಂಬತ್ತೂವರೆ. ಗೋಕುಲ ರೋಡಿನ ನನ್ನ ರೂಮಿನಲ್ಲಿ ಕೂತು ಸೋಮವಾರದ ರಿಲೀಸಿಗೆ ಕೊನೇ ಬಗ್ ಹುಡುಕುತ್ತಿದ್ದೆ. ಫೋನ್ ಬಂತು. ಚಿಗವ್ವ.

"ತಮ್ಮಾ, ನಾಳೆ ಸೂಟಿ ಐತಿಲ್ಲೋ ನಿನಗ? ಧಾರವಾಡಕ್ಕ ಕರಕೊಂಡು ಹೋಗ್ತೀ ಏನು? ನಾಟಕಾ ಮಾಡಾಕ ಕರದಾರ."

ನಾನು ಒಂದು ಕ್ಷಣ ಸುಮ್ಮನಾದೆ. ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ವಯಸ್ಸು ನಲವತ್ತಾರು. ಜಾತ್ರೆಯಲ್ಲಿ ನಾಟಕ ನಡೆದರೂ ಅರ್ಧಕ್ಕೇ ಎದ್ದು, "ನಾಳೆ ಇಂಜೆಕ್ಷನ್ ದಿನ ಐತಿ" ಅಂತ ಮನೆಗೆ ನಡೆಯುವವಳು. ಅವಳು ನಾಟಕ ಮಾಡುವುದೇ?

"ಟ್ರೇನಿಂಗಾ ಅದು," ಅಂದಳು. "ನಾಟಕದವ್ರು ಟ್ರೇನಿಂಗ್ ಕೊಡ್ತಾರಂತ. ಅದೇನ್ ಕೊಡ್ತಾರೋ, ಆ ಶಿವಗs ಗೊತ್ತು."

ಈ ವಾರದ ಅಂಕಣ ಆ ಭಾನುವಾರದ್ದು. ಆದರೆ ಅದಕ್ಕೂ ಮೊದಲು, ಅದೇ ವರ್ಷದ ಶ್ರಾವಣದಲ್ಲಿ ನಡೆದದ್ದನ್ನು ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ.

ಸರಿಯಾದ ದಿನ, ಮುಚ್ಚಿದ ಬಾಗಿಲು

ಆಶಾ ಅಕ್ಕಂದಿರು ನಮ್ಮೆಲ್ಲರ ಮನೆಗೂ ಬಂದು ಹೋಗಿದ್ದಾರೆ, ಆದರೆ ಅವರ ಕೆಲಸ ಏನು ಅಂತ ನಮಗೆ ಪೂರ್ತಿ ಗೊತ್ತಿರುವುದಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಜೊತೆ ಹುಟ್ಟಿದ ಹುದ್ದೆ ಇದು. ಸುಮಾರು 1000 ಜನರಿಗೆ ಒಬ್ಬರು, ಅದೇ ಊರಿನ ಹೆಣ್ಣುಮಗಳು. ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಸಂಬಳ ಅಲ್ಲ, ಗೌರವಧನ, ಪ್ರೋತ್ಸಾಹಧನ. ದೇಶದಲ್ಲಿ ಇವರು 10 ಲಕ್ಷಕ್ಕೂ ಹೆಚ್ಚು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರೆಲ್ಲರಿಗೂ ಸೇರಿಸಿ ಪ್ರಶಸ್ತಿ ಕೊಟ್ಟಿತು.

ಅವರ ಮುಖ್ಯ ಕೆಲಸಗಳಲ್ಲಿ ಒಂದು, ಬಾಣಂತಿ ಮನೆಯ ಭೇಟಿ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ. ಕೂಸಿನ ಜ್ವರ ನೋಡಬೇಕು, ಜೋಳಿಗೆ ತಕ್ಕಡಿಯಲ್ಲಿ ತೂಗಬೇಕು, ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಣಿಸಬೇಕು, ಹಾಲು ಸರಿಯಾಗಿ ಚೀಪುತ್ತಿದೆಯಾ ನೋಡಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ಇದನ್ನು ಕಲಿಸಿ, ನವಜಾತ ಶಿಶುಗಳ ಸಾವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಹುದು ಅಂತ 1999ರಲ್ಲೇ ತೋರಿಸಿದ್ದರು. ಇಂದಿನ ಆರು ಭೇಟಿಗಳ ಬೇರು ಅಲ್ಲಿದೆ.

ಈ ದಿನಗಳ ಲೆಕ್ಕ ಡೈರಿಯಲ್ಲಿ ಇಡೋದು ಚಿಗವ್ವನಿಗೆ ತಲೆನೋವಾಗಿತ್ತು. ಅದಕ್ಕೆ ನಾನು ಒಂದು ವಾರಾಂತ್ಯ ಕೂತು ಅವಳ ಫೋನಿಗೆ ಸಣ್ಣದೊಂದು ಆ್ಯಪ್ ಮಾಡಿಕೊಟ್ಟೆ. ಹೆರಿಗೆ ದಿನ ಹಾಕಿದರೆ ಸಾಕು, ಉಳಿದ ಆರೂ ದಿನ ಬೆಳಿಗ್ಗೆ ಎಂಟಕ್ಕೆ ಗಂಟೆ ಬಾರಿಸುತ್ತದೆ. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಬೀಗಿದ್ದೆ.

ಆ ಶ್ರಾವಣದಲ್ಲಿ ಒಂದು ಮನೆಯ ಬಾಗಿಲು ಚಿಗವ್ವನಿಗೆ ತೆರೆಯಲಿಲ್ಲ. ಮೂರನೇ ದಿನ ಹೋದಳು. ಅತ್ತಿ ಹೊಸ್ತಿಲಲ್ಲೇ ನಿಂತು, "ಕೂಸು ಮಲಗೇತಿ, ನಾಳೆ ಬಾ" ಅಂದಳು. ಮರುದಿನ ಹೋದರೆ, "ಈಗಷ್ಟೇ ಎರದೇವಿ, ಗಾಳಿ ಸೋಕ್ತದ" ಅಂದಳು. ಏಳನೇ ದಿನವೂ ಅದೇ ಮಾತು. ಒಂಬತ್ತನೇ ದಿನ ಬೆಳಗಿನ ಜಾವ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಓಡಿದರು. ಹಾಲು ಕುಡಿಯೋದು ಬಿಟ್ಟಿತ್ತು, ಮೈ ತಣ್ಣಗಾಗಿತ್ತು. ಉಳಿಯಲಿಲ್ಲ.

ಅವತ್ತು ರಾತ್ರಿ ಚಿಗವ್ವ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ನಿನ್ನ ಗಂಟಿ ಬರೋಬ್ಬರಿ ಬಾರಿಸ್ತೋ ತಮ್ಮಾ. ನಾನೂ ಬರೋಬ್ಬರಿ ಹೋಗಿದ್ನಿ."

ನನ್ನ ಕೋಡಿನಲ್ಲಿ ಬಗ್ ಇರಲಿಲ್ಲ. ಚಿಗವ್ವನ ಜ್ಞಾನದಲ್ಲೂ ಕೊರತೆ ಇರಲಿಲ್ಲ. ಅಪಾಯದ ಚಿಹ್ನೆಗಳನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ಹೊಸ್ತಿಲಿನಿಂದ ಬಾಣಂತಿಯ ಹೊರಸಿನವರೆಗೆ ಇದ್ದದ್ದು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ಇಡುವುದು ಹೇಗೆ ಅಂತ ಯಾವ ಪುಸ್ತಕದಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ನೋಡುವವರೇ ಎದ್ದು ಆಡುವ ನಾಟಕ

ಭಾನುವಾರ ಹೊಸೂರಿನಲ್ಲಿ ಬೈಕ್ ನಿಲ್ಲಿಸಿ ಚಿಗರಿ ಬಸ್ ಹತ್ತಿದೆವು. ಧಾರವಾಡದ ಒಂದು ಸಣ್ಣ ಹಾಲ್. ನೆಲಕ್ಕೆ ಜಮಖಾನೆ. ಬೇರೆ ಬೇರೆ ಊರುಗಳಿಂದ ಬಂದ ಇಪ್ಪತ್ತೈದು ಮೂವತ್ತು ಆಶಾ ಅಕ್ಕಂದಿರು. ಪ್ರೊಜೆಕ್ಟರ್ ಇಲ್ಲ, ಪಿಪಿಟಿ ಇಲ್ಲ. ಇಬ್ಬರು ರಂಗಭೂಮಿಯವರು, ಒಬ್ಬರು ನಿವೃತ್ತ ನರ್ಸ್. ಚಹಾ ತರುವುದು, ಕುರ್ಚಿ ಸರಿಸುವುದು ನನ್ನ ಕೆಲಸ ಅಂತ ತೀರ್ಮಾನವಾಯಿತು, ಹಾಗಾಗಿ ಒಳಗೇ ಉಳಿದೆ.

ಮೊದಲ ಒಂದು ಗಂಟೆ ಬರೀ ಆಟ. ಕಣ್ಣು ಮುಚ್ಚಿ ಇನ್ನೊಬ್ಬರ ದನಿ ಹಿಡಿದು ನಡೆಯುವುದು. ಮಾತಿಲ್ಲದೆ ಬರೀ ನಿಂತ ಭಂಗಿಯಲ್ಲಿ "ನಮ್ಮ ಮನಿಗೆ ಬರಬ್ಯಾಡ" ಅಂತ ತೋರಿಸುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ರಂಗಭೂಮಿಯವರು ಕೇಳಿದರು, "ನಿಮ್ಮಲ್ಲಿ ಯಾರಿಗೆ ಬಾಗಿಲು ತೆರೆದಿಲ್ಲ?"

ಎಲ್ಲರ ಕೈ ಮೇಲೆ ಹೋಯಿತು. ಚಿಗವ್ವ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ತಾನೇ ಎದ್ದು ಶ್ರಾವಣದ ಕತೆ ಹೇಳಿದಳು. ಹಾಲಿನಲ್ಲಿ ಫ್ಯಾನ್ ಸದ್ದು ಮಾತ್ರ ಕೇಳುತ್ತಿತ್ತು.

"ಇದನ್ನ ಆಡೋಣ," ಅಂದರು ಅವರು. ಎರಡು ಕುರ್ಚಿ ಇಟ್ಟರೆ ಬಾಗಿಲಾಯಿತು. ನವಲಗುಂದ ಕಡೆಯ ಒಬ್ಬ ದಿಟ್ಟ ಅಕ್ಕ ಅತ್ತಿಯಾದಳು. ಚಿಗವ್ವ ಚಿಗವ್ವನೇ ಆದಳು. ನಡೆದದ್ದು ನಡೆದ ಹಾಗೇ ನಡೆಯಿತು, ಬಾಗಿಲು ಮುಚ್ಚಿತು.

ಈಗ ಹೊಸ ನಿಯಮ. ಇದೇ ದೃಶ್ಯ ಮತ್ತೆ. ನೋಡುತ್ತಾ ಕೂತವರಲ್ಲಿ ಯಾರಿಗೆ ಬೇರೆ ದಾರಿ ಹೊಳೆಯುತ್ತದೋ ಅವರು "ನಿಲ್ಸ್ರಿ!" ಅಂತ ಕೂಗಿ, ಆಶಾ ಪಾತ್ರಕ್ಕೆ ತಾವೇ ಬಂದು ಆಡಬೇಕು.

ಒಬ್ಬಳು ಬಂದು ಹೆದರಿಸಿದಳು: "ಕೂಸಿಗೆ ಏನರ ಆದ್ರ ಯಾರು ಜವಾಬ್ದಾರಿ?" ಅತ್ತಿ: "ನಮ್ಮ ಕೂಸು, ನಾವs ಜವಾಬ್ದಾರಿ." ಬಾಗಿಲು ದಡ್.

ಎರಡನೆಯವಳು ಮಾಡ್ಯೂಲ್ ಪುಸ್ತಕದ ಹಾಗೆ ಒಂದೊಂದೇ ಪಾಯಿಂಟ್ ವಿವರಿಸತೊಡಗಿದಳು. ಅತ್ತಿ ಉದ್ದಕ್ಕೆ ಆಕಳಿಸಿದಳು. ಹಾಲೆಲ್ಲ ನಗು.

ಮೂರನೆಯವಳು: "ಡಾಕ್ಟರ್ ಮೇಡಮ್ಮರಿಗೆ ಹೇಳ್ತೇನಿ ನೋಡ್ರಿ." ಅತ್ತಿ: "ಹೇಳ್ಹೋಗ."

ನಾಲ್ಕನೆಯವಳು ಚೀಲ ಕೆಳಗಿಟ್ಟು, "ಯವ್ವಾ, ಬಿಸಲಾಗ ಬಂದೇನಿ, ಒಂದ್ ತಂಬಿಗಿ ನೀರ್ ಕೊಡ್ರಿ," ಅಂದಳು. ಅತ್ತಿ ನೀರು ಕೊಟ್ಟಳು. ಕಟ್ಟೆ ಮೇಲೆ ಕೂರಿಸಿಕೊಂಡಳು. ಒಳಗೆ ಮಾತ್ರ ಬಿಡಲಿಲ್ಲ.

ಇದಕ್ಕೆ ಫೋರಂ ಥಿಯೇಟರ್ ಅಂತ ಹೆಸರು. ಕಟ್ಟಿದವರು ಬ್ರೆಜಿಲ್‌ನ ಅಗಸ್ಟೊ ಬೋಆಲ್. ನನಗೆ ಖುಷಿ ಕೊಟ್ಟ ವಿಷಯ, ಅವರು ಓದಿದ್ದು ಕೆಮಿಕಲ್ ಎಂಜಿನಿಯರಿಂಗ್! ಮಿಲಿಟರಿ ಆಡಳಿತ 1971ರಲ್ಲಿ ಅವರನ್ನು ಜೈಲಿಗೆ ಹಾಕಿ ದೇಶ ಬಿಡಿಸಿತು. ನೋಡುಗರು ಬರೀ ಕೂತು ನೋಡಬಾರದು, ಎದ್ದು ಬಂದು ಕತೆಯನ್ನು ಬದಲಿಸಿ ನೋಡಬೇಕು, ಹಾಗೆ ಮಾಡಿದರೆ ನಾಟಕ ಅನ್ನುವುದು ನಿಜ ಬದುಕಿಗೆ ತಾಲೀಮು ಆಗುತ್ತದೆ ಅನ್ನುವುದು ಅವರ ವಾದ. 1985ರಲ್ಲಿ ಹುಟ್ಟಿದ ಪಶ್ಚಿಮ ಬಂಗಾಳದ 'ಜನ ಸಂಸ್ಕೃತಿ' ತಂಡ ಹಳ್ಳಿಗಳಲ್ಲಿ ಈ ರಂಗಭೂಮಿಯನ್ನು ಕಟ್ಟಿದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಟೇಜಿಂಗ್ ಸರ್ವರ್. ಪ್ರೊಡಕ್ಷನ್‌ನಲ್ಲಿ ತಪ್ಪಿದರೆ ಒಂದು ಜೀವ ಹೋಗುತ್ತದೆ. ಇಲ್ಲಿ ನೂರು ಸಲ ತಪ್ಪಬಹುದು, ನಗಬಹುದು, ಮತ್ತೆ ಆಡಬಹುದು.

ತಕ್ಕಡಿ ಯಾರನ್ನು ತೂಗುತ್ತದೆ?

ಊಟಕ್ಕೆ ಮೊದಲು ಕೊನೆಯ ಸುತ್ತು. "ಈಗ ನೀವು ಅತ್ತಿ ಆಗ್ರಿ," ಅಂದರು ಚಿಗವ್ವನಿಗೆ. ಅವಳಿಗೆ ಇಷ್ಟವಿರಲಿಲ್ಲ. ಆದರೂ ಕುರ್ಚಿಯ ಹಿಂದೆ ನಿಂತಳು. ಆಶಾ ಪಾತ್ರದವಳು ಬಂದು ಒಳ್ಳೆಯ ಮಾತಲ್ಲೇ, "ಕೂಸಿನ ತೂಕಾ ಮಾಡೂನು ಬರ್ರಿ," ಅಂದಳು.

ಚಿಗವ್ವ ಒಮ್ಮೆಲೇ ಸಿಟ್ಟಾದಳು. ಪಾತ್ರದ ಸಿಟ್ಟೋ, ಅವಳದ್ದೋ ಗೊತ್ತಾಗಲಿಲ್ಲ.

"ತೂಕಾ ಮಾಡ್ತೀ, ಕಡಿಮಿ ಐತಿ ಅಂತೀ. ಸಂಜೀಕ ಓಣಿ ತುಂಬ ಸುದ್ದಿ ಆಗತೈತಿ. ಸೊಸೀಗೆ ಹೊಟ್ಟಿತುಂಬ ಉಣ್ಣಾಕ ಹಾಕಿಲ್ಲ ಈ ಮುದುಕಿ ಅಂತಾರ. ನಿನ್ನ ತಕ್ಕಡಿ ಕೂಸನ್ನ ತೂಗೂದಿಲ್ಲವಾ, ನನ್ನ ತೂಗತೈತಿ!"

ಹೇಳಿದವಳು ತಾನೇ ಸುಮ್ಮನಾದಳು. ಕುರ್ಚಿ ಹಿಡಿದ ಕೈ ಹಾಗೇ ಇತ್ತು. ಹದಿನೈದು ವರ್ಷ ಆ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ತಿರುಗಿದವಳಿಗೆ, ಅದು ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಅವತ್ತೇ ಕಂಡದ್ದು.

ಆಗ ರಂಗಭೂಮಿಯವರು ಹೇಳಿದ ಮಾತನ್ನು ನಾನು ಫೋನಿನಲ್ಲಿ ಬರೆದುಕೊಂಡೆ: "ಆ ಮನೆಯಲ್ಲಿ ಇದೇ ಕಾರಣ ಇತ್ತು ಅಂತ ಅಲ್ಲ. ಅದು ನಮಗೆ ಗೊತ್ತಿಲ್ಲ. ಆದರೆ ಅವರಿಗೊಂದು ಕಾರಣ ಇತ್ತು ಅನ್ನೋದು ಈಗ ಗೊತ್ತಾಯ್ತು."

ಮಧ್ಯಾಹ್ನ ಉಂಡ ಮೇಲೆ ಬೇಂದ್ರೆ. ಕೂಸು ಕೈಬಿಡುವ ಹೊತ್ತಿನಲ್ಲಿ ಹೆಂಡತಿ ತನ್ನತ್ತ ನೋಡಿದ ನೋಟವನ್ನು ತಡೆಯಲಾರದೆ ಅವರು ಬರೆದ ಕವಿತೆ ಇದೆಯಲ್ಲ, ಧಾರವಾಡದವರಿಗೆ ಹೆಸರು ಹೇಳಬೇಕಾಗಿಲ್ಲ. ನಿವೃತ್ತ ನರ್ಸ್ ಅದನ್ನು ಮೆಲ್ಲಗೆ ಓದಿದರು. ಅರ್ಥ ಬಿಡಿಸಲಿಲ್ಲ. "ಇದರಾಗ ಆ ತಾಯಿ ಒಂದಾದ್ರೂ ಮಾತು ಆಡ್ಯಾಳೇನು?" ಅಂತ ಮಾತ್ರ ಕೇಳಿದರು. ಇಲ್ಲ. ಎಲ್ಲವೂ ಕಣ್ಣಲ್ಲಿ, ಮುಖದ ಬಣ್ಣದಲ್ಲಿ. "ನಾವು ಕೂಸಿನ ಮುಖ ನೋಡ್ತೀವಿ. ತಾಯಿ ಮುಖ ಎಷ್ಟು ಹೊತ್ತು ನೋಡ್ತೀವಿ?" ಅಂದರು. ಮೂವತ್ತು ಅಂಕಗಳಿಗೆ ಕಾಲೇಜಿನಲ್ಲಿ ಓದಿ ಮರೆತ ಕವಿತೆ ಇಂಥ ಕೆಲಸಕ್ಕೂ ಬರುತ್ತದೆ ಅಂತ ನನಗೆ ಅನ್ನಿಸಿದ್ದು ಅವತ್ತೇ.

ಇದರಿಂದ ಏನಾದರೂ ಆಗುತ್ತಾ?

ಎಂಜಿನಿಯರ್ ಬುದ್ಧಿ. ವಾಪಸ್ ಬಸ್ಸಿನಲ್ಲೇ ಹುಡುಕಿ ಓದಿದೆ.

ಕಲೆಯನ್ನು ಆರೋಗ್ಯಕ್ಕೆ ಬಳಸುವುದು ನಮಗೇನೂ ಹೊಸದಲ್ಲ. ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗ 1954ರಲ್ಲೇ ಶುರುವಾಯಿತು. ಕುಟುಂಬ ಯೋಜನೆಯ ಮೇಲೆ ಕಟ್ಟಿದ ಗೀಗೀ ಪದಗಳನ್ನು, ಬೀದಿ ನಾಟಕಗಳನ್ನು ನಮ್ಮ ಅಜ್ಜ ಅಜ್ಜಿಯರು ಕೇಳಿದ್ದಾರೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು. ಸಂದೇಶ ಮೊದಲೇ ತಯಾರಾಗಿರುತ್ತದೆ, ಕಲೆ ಅದಕ್ಕೆ ಮೈಕು. ನಮ್ಮ ಹರದೇಶಿ-ನಾಗೇಶಿ ಲಾವಣಿಯಲ್ಲಿ ಮಾತ್ರ ಎರಡು ಪಕ್ಷ ಇರುತ್ತದೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಕೇಳಿಸಿಕೊಂಡು ಅಲ್ಲೇ ಜವಾಬು ಕಟ್ಟಬೇಕು. ಆಶಾ ತರಬೇತಿಗೆ ಬೇಕಾದದ್ದು ಈ ಎರಡನೇ ಜಾತಿಯದು.

ಅಂಕಿ ಅಂಶ ಬೇಕಾದವರಿಗೆ: ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 'ಏಕಜುಟ್' ಸಂಸ್ಥೆ 2005ರಿಂದ 2008ರವರೆಗೆ ಹೆಂಗಸರ ಗುಂಪುಗಳ ಜೊತೆ ಒಂದು ಪ್ರಯೋಗ ಮಾಡಿತು. ಗುಂಪು ನಡೆಸಿದವರು ಡಾಕ್ಟರರಲ್ಲ, ಅದೇ ಊರಿನ ಹೆಣ್ಣುಮಕ್ಕಳು. ಭಾಷಣದ ಬದಲು ಕತೆ, ಚಿತ್ರದ ಕಾರ್ಡು, ಆಟ, ಪಾತ್ರಾಭಿನಯ. ಕತೆಯಲ್ಲಿ ಒಂದು ಕೂಸು ಸಾಯುತ್ತದೆ. ಯಾಕೆ ಸತ್ತಿತು? ಅದು ಯಾಕೆ ಹಾಗಾಯಿತು? ಅದಕ್ಕಿಂತ ಮೊದಲು ಏನಿತ್ತು? ಹೀಗೆ ಕೊಂಡಿ ಹಿಡಿದು ಹಿಂದಕ್ಕೆ ಹೋಗುವುದು, ಆಮೇಲೆ ಊರೇ ಸೇರಿ ಪರಿಹಾರ ಹುಡುಕುವುದು. ಪ್ರೊಡಕ್ಷನ್ ಕೆಟ್ಟಾಗ ನಾವು ಕೂತು ಮಾಡುವ ರೂಟ್ ಕಾಸ್ ಅನಾಲಿಸಿಸ್ ಇದೇ ತಾನೇ? 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಮೂರು ವರ್ಷದಲ್ಲಿ ಶೇ. 32, ಕೊನೆಯ ಎರಡು ವರ್ಷದಲ್ಲಿ ಶೇ. 45ರಷ್ಟು ಕಡಿಮೆ ಇತ್ತು. ಮುಂದೆ ಆಶಾ ಕಾರ್ಯಕರ್ತೆಯರೇ ಇಂಥ ಗುಂಪು ನಡೆಸಿದಾಗಲೂ ಶೇ. 31ರಷ್ಟು ಇಳಿಕೆ ಕಂಡಿತು.

ಮೊದಲ ಪ್ರಯೋಗದಲ್ಲಿ ಇನ್ನೊಂದು ಸಾಲಿತ್ತು. ತಾಯಂದಿರ ಖಿನ್ನತೆಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಸಿಗದಿದ್ದರೂ, ಮೂರನೇ ವರ್ಷ ಮಧ್ಯಮ ಮಟ್ಟದ ಖಿನ್ನತೆ ಶೇ. 57 ಕಡಿಮೆಯಾಗಿತ್ತು. ಆ ಸಾಲನ್ನು ಅವತ್ತು ಸುಮ್ಮನೆ ಓದಿ ಮುಂದೆ ಹೋದೆ.

ಇಷ್ಟಕ್ಕೂ ಕತೆ, ಆಟಗಳಷ್ಟೇ ಈ ಮಕ್ಕಳನ್ನು ಉಳಿಸಿದವು ಅಂತ ಹೇಳಲಾಗದು. ಊರು ಸೇರಿ ಮಾಡಿದ ಕೆಲಸ ಅದರ ಹಿಂದಿದೆ. ನಾಟಕದಿಂದ ಆಂಬ್ಯುಲೆನ್ಸ್ ಬೇಗ ಬರುವುದಿಲ್ಲ, ಥರ್ಮಾಮೀಟರಿನ ಸೆಲ್ ತುಂಬುವುದಿಲ್ಲ, ಗೌರವಧನ ಹೆಚ್ಚಾಗುವುದಿಲ್ಲ. ಅವತ್ತಿನ ಭಾನುವಾರವನ್ನು ಚಿಗವ್ವ ಪುಕ್ಕಟೆ ಕೊಟ್ಟಳು. ಮನೆಯ ಬಟ್ಟೆ ಹಾಗೇ ಬಿದ್ದಿತ್ತು. ಎಂಬಿಬಿಎಸ್ ಓದುವವರಿಗೆ 2019ರಿಂದ ನಡವಳಿಕೆ, ನೀತಿ, ಸಂವಹನ ಕಲಿಸುವ ಕೋರ್ಸ್ ಕಡ್ಡಾಯವಾಗಿದೆ. ಒಳ್ಳೆಯದು. ಆದರೆ ಡಾಕ್ಟರ ಹತ್ತಿರ ಜನ ತಾವೇ ಹೋಗುತ್ತಾರೆ. ಕರೆಯದ ಮನೆಯ ಬಾಗಿಲು ಬಡಿಯುವವಳು ಆಶಾ. ಅವಳ ಮಾಡ್ಯೂಲಿನಲ್ಲೂ ಪಾತ್ರಾಭಿನಯ ಅಂತ ಬರೆದಿದೆ. ಸಿಲಬಸ್ ಮುಗಿಸುವ ಅವಸರದಲ್ಲಿ ಮೊದಲು ಹಾರಿಸುವ ಪುಟವೂ ಅದೇ, ಅನ್ನುತ್ತಾಳೆ ಚಿಗವ್ವ.

ಚೀಲ ಇಲ್ಲದೆ ಹೋದ ಭೇಟಿ

ಆ ವಾರವೇ ಚಿಗವ್ವ ಶ್ರಾವಣದ ಮನೆಗೆ ಹೋದಳು. ಚೀಲ ಇಲ್ಲ, ಡೈರಿ ಇಲ್ಲ, ನನ್ನ ಗಂಟೆಯೂ ಬಾರಿಸಿರಲಿಲ್ಲ. ಅತ್ತಿ ಹೊರಗೆ ಜೋಳ ಹಸನು ಮಾಡುತ್ತಾ ಕೂತಿದ್ದಳು. ಇವಳೂ ಪಕ್ಕದಲ್ಲಿ ಕೂತು ಒಂದು ಮೊರ ಎಳೆದುಕೊಂಡಳು. ತುಂಬ ಹೊತ್ತಿನ ಮೇಲೆ ಕೇಳಿದ್ದು ಇಷ್ಟೇ: "ಯವ್ವಾ, ಅವತ್ತ ನಾ ಬಂದಾಗ ನಿಮಗ ಏನ್ ಅಂಜಿಕಿ ಆಗಿತ್ತು?"

ಉತ್ತರ ತಕ್ಕಡಿಯ ವಿಷಯ ಆಗಿರಲಿಲ್ಲ. ನಾಟಕದಲ್ಲಿ ಚಿಗವ್ವನ ಬಾಯಿಂದ ಬಂದ ಕಾರಣ ಪೂರ್ತಿ ತಪ್ಪಾಗಿತ್ತು.

ಹೆರಿಗೆಯಾದ ಮರುದಿನದಿಂದ ಸೊಸೆ ಮಾತು ಬಿಟ್ಟಿದ್ದಳು. ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ, ಹಾಲು ಕುಡಿಸುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಆಶಾ ಒಳಗೆ ಬಂದು ನೋಡಿದರೆ ಊರೆಲ್ಲ "ಹುಚ್ಚು ಹಿಡದೈತಿ" ಅಂತಾರೆ, ತವರಿಗೆ ಕಳಿಸು ಅಂತಾರೆ. ಅತ್ತಿ ಆ ಬಾಗಿಲು ಮುಚ್ಚಿದ್ದು ಸೊಸೆಯನ್ನು ಕಾಪಾಡಲು. ಊರವರು ಕೆಟ್ಟ ಅತ್ತಿ ಅಂದುಕೊಂಡ ಆ ಮುದುಕಿ ಒಬ್ಬಳೇ ರಾತ್ರಿಯಿಡೀ ಆಕಳ ಹಾಲು ಚಮಚದಲ್ಲಿ ಹಾಕಿ ಕೂಸನ್ನು ಉಳಿಸಿಕೊಳ್ಳಲು ನೋಡಿದ್ದಳು.

"ಸೊಸಿ ಈಗ ಹೆಂಗದಾಳ್ರಿ?" ಕೇಳಿದಳು ಚಿಗವ್ವ.

ಅತ್ತಿ ಮಾತಾಡಲಿಲ್ಲ. ಎದ್ದು ಬಾಗಿಲು ದೂಡಿದಳು. ಒಳಗೆ ಆ ಹುಡುಗಿ ಇನ್ನೂ ಗೋಡೆಗೆ ಮುಖ ಮಾಡಿಕೊಂಡೇ ಇದ್ದಳು. ನಾಲ್ಕು ತಿಂಗಳು ಕಳೆದಿತ್ತು.

ಮರುದಿನ ಮೂವರೂ ಧಾರವಾಡದ ಡಿಮ್ಹಾನ್ಸ್‌ಗೆ ಹೋದರು. ಈಗ ಔಷಧ ನಡೆದಿದೆ. ಹೋದ ತಿಂಗಳಿಂದ ಸ್ವಲ್ಪ ಸ್ವಲ್ಪ ಮಾತಾಡುತ್ತಾಳಂತೆ. ರೊಟ್ಟಿ ಬಡಿಯಲು ಕೂರುತ್ತಾಳಂತೆ. ಕೂಸಿನ ಹೆಸರು ಎತ್ತಿದರೆ ಮಾತ್ರ ಎದ್ದು ಹೋಗುತ್ತಾಳೆ.

ಆ ಮೂರನೇ ದಿನವೇ ಹೀಗೆ ಕೇಳಿದ್ದರೆ ಕೂಸು ಉಳಿಯುತ್ತಿತ್ತಾ? ಈ ಪ್ರಶ್ನೆಯನ್ನು ನಾನು ಚಿಗವ್ವನಿಗೆ ಕೇಳಿಲ್ಲ. ಅವಳು ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದಾಳೋ ಗೊತ್ತಿಲ್ಲ.

ನಾನು ಮಾಡಿದ್ದು ಒಂದೇ. ಆ್ಯಪಿನಲ್ಲಿ ಪ್ರತಿ ಭೇಟಿಯ ಕೆಳಗೆ ಹೊಸದೊಂದು ಖಾಲಿ ಜಾಗ ಸೇರಿಸಿ ಫೋನ್ ಮಾಡಿದೆ: "ಚಿಗವ್ವ, ಮನೆಯವರು ಏನಂದ್ರು ಅಂತ ಬರಿಯೋಕೆ ಒಂದು ಬಾಕ್ಸ್ ಹಾಕೀನಿ."

ಅವಳು ನಕ್ಕಳು. "ಇರ್ಲಿ ಬಿಡು ತಮ್ಮಾ. ಆದ್ರ ಅವ್ರು ಮಾತಾಡೂ ಮುಂದ ನಾ ಫೋನ್ ತಗಿಯೂದಿಲ್ಲ."

ಫೋನ್ ಇಟ್ಟ ಮೇಲೆ ಯೋಚಿಸಿದೆ. ನಿಮ್ಮ ಓಣಿಗೂ ಒಬ್ಬ ಆಶಾ ಅಕ್ಕ ಬರುತ್ತಾಳೆ. ಬಿಸಿಲಲ್ಲಿ ನಡೆದು, ಚೀಲ ಹೊತ್ತು, ಯಾರೂ ಕರೆಯದೆ. ಮುಂದಿನ ಸಲ ಅವಳು ಬಂದಾಗ ಫೋನ್ ಪಕ್ಕಕ್ಕಿಟ್ಟು ಬಾಗಿಲು ತೆರೆಯಿರಿ. ನೀರು ಕೊಡಿ. ಇವತ್ತು ಎಷ್ಟು ಮನೆ ಆಯಿತು ಅಂತ ಕೇಳಿ.